ಮನೆಯ ಹಳೆಯ ಕತ್ತಿಗೆ ಬೆಲೆ ಬರುತ್ತದೆಯೇ ಎಂದು ಕೇಳುವವರಿಗೆ

‘ತಾತನ ತಲ್ವಾರ್ ಇದು, ಟಿಪ್ಪು ಕಾಲದ್ದಂತೆ, ಎಷ್ಟು ಬಾಳಬಹುದು?’ ಎಂಬ ಪ್ರಶ್ನೆ, ಒರೆಯೊಳಗೇ ಇರುವ ಕತ್ತಿಯ ಚಿತ್ರದೊಡನೆ, ನನಗೆ ಬರುತ್ತಲೇ ಇರುತ್ತದೆ. ಒರೆ ನೋಡಿ ಕತ್ತಿಯ ವಿಷಯ ಹೇಳಲಾಗದು. 2023ರಲ್ಲಿ ಟಿಪ್ಪುವಿನ ಖಡ್ಗವೊಂದು ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋದ ಮೇಲೆ ಈ ಕೇಳಿಕೆ ಹೆಚ್ಚಿದೆ. ಆ ಬೆಲೆ ನಿಮ್ಮದಲ್ಲ: 100 ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವುದನ್ನು ಪ್ರಾಚೀನ ವಸ್ತುಗಳ ಕುರಿತ ನಮ್ಮ 1972ರ ಕಾಯ್ದೆ ನಿಷೇಧಿಸಿದೆ.

ಹಿಡಿಯೂ ಅಲಗೂ ಕೂಡುವ ಸಂದಿಯನ್ನು ಮೊದಲು ನೋಡಿ. ಹಳೆಯ ತಲ್ವಾರಿನ ಕಬ್ಬಿಣದ ಹಿಡಿ ಒಳಗೆ ಟೊಳ್ಳು. ಅಲಗಿನ ಗಿಡ್ಡ ಬಾಲವನ್ನು ಅದರೊಳಗೆ ಇಳಿಸಿ, ಬಿಸಿ ಅರಗು ತುಂಬಿ ಕೂರಿಸುತ್ತಿದ್ದುದರಿಂದ ಅಲ್ಲಿ ಕಪ್ಪಗೆ ಬಿರಿದ ಅರಗಿನ ಅಂಚು ಕಾಣಬೇಕು. ಬೆಸುಗೆಯೋ ತುದಿಯಲ್ಲಿ ನಟ್ಟೋ ಕಂಡರೆ, ಅಲಗಿಗೆ ಕ್ರೋಮ್ ಲೇಪವಿದ್ದರೆ, ತಾತ ಎಷ್ಟೇ ಪ್ರೀತಿಯಿಂದ ಕಾಪಾಡಿದ್ದರೂ ಅದು ಗೋಡೆಗೆ ತೂಗುಹಾಕಲು ಮಾಡಿದ ಸ್ಮರಣಿಕೆ. ಮೂಸೆಯಲ್ಲಿ ಕರಗಿಸಿ ತೆಗೆದ ನಮ್ಮ ಹಳೆಯ ಉಕ್ಕಿನಲ್ಲಿ ನೀರಿನ ಅಲೆಯಂಥ ಗೆರೆಗಳು ಲೋಹದ ಒಡಲಿನಲ್ಲೇ ಇರುತ್ತವೆ; ಆಮ್ಲದಿಂದ ಮೇಲ್ಮೈಗೆ ಮಾತ್ರ ಕೊರೆದ ನಕಲು ಅಚ್ಚೊತ್ತಿದಂತೆ ಕಾಣುತ್ತದೆ. ಅಲೆಯಿಲ್ಲದ ಅಸಲಿ ಅಲಗುಗಳೂ ಬೇಕಾದಷ್ಟಿವೆ, ಆದ್ದರಿಂದ ಒಂದೇ ಗುರುತನ್ನು ನೆಚ್ಚಬಾರದು.

ಒಮ್ಮೆ ಆಯುಧಪೂಜೆ ಕಳೆದ ವಾರ ಒಂದು ಮನೆಯವರು ಕತ್ತಿ ತಂದರು. ಹಬ್ಬಕ್ಕೆಂದು ಸಾಣೆ ಹಿಡಿಸಿ ಕನ್ನಡಿಯಂತೆ ಹೊಳೆಯಿಸಿದ್ದರು. ಹಿಡಿಯಿಂದ ಅಲಗಿನ ಮೇಲೆ ಇಳಿದ ನಾಲಿಗೆಯಂಥ ಪಟ್ಟಿಯ ಪಕ್ಕದಲ್ಲಿ, ಸಾಣೆಯ ಚಕ್ರ ತಾಗದ ಬೆರಳಗಲ ಜಾಗದಲ್ಲಿ, ಭೂತಗನ್ನಡಿಗೆ ಕೂದಲೆಳೆಯಂಥ ಅಡ್ಡಗೆರೆ ಉದ್ದಗೆರೆಗಳ ಬಲೆಯೂ ಅದರಲ್ಲಿ ಕಚ್ಚಿಕೊಂಡ ಚಿನ್ನದ ಎರಡು ಅಕ್ಷರಗಳೂ ಕಂಡವು. ಚಿನ್ನ ಹಿಡಿದು ನಿಲ್ಲಲೆಂದು ಕಬ್ಬಿಣವನ್ನು ಹಾಗೆ ಗೀರಿ, ಅದರ ಮೇಲೆ ಚಿನ್ನದ ಎಳೆಯನ್ನು ಬಡಿದು ಕೂರಿಸುವುದು ಕೋಫ್ತ್‌ಗರಿ ಕೆಲಸ. ಒಡೆಯನ ಹೆಸರೋ ಪ್ರಾರ್ಥನೆಯೋ, ಉಳಿದ ಸಾಲೆಲ್ಲ ಆ ಒಂದು ಮಧ್ಯಾಹ್ನದಲ್ಲಿ ಪುಡಿಯಾಗಿ ಹೋಗಿತ್ತು. ಅವರು ಆಗಲೂ ಬೆಲೆ ಕೇಳಿದರು. ನನಗೆ ಸಿಟ್ಟು ಬಂದಿತು, ಇಂದಿಗೂ ಇಳಿದಿಲ್ಲ.

‘ಇದನ್ನು ಹೇಗೆ ಇಟ್ಟುಕೊಳ್ಳಬೇಕು?’ ಎಂದು ಹಬ್ಬಕ್ಕೆ ಮುಂಚೆ ಕೇಳಿದ್ದರೆ ಉತ್ತರ ಎರಡು ಮಾತಿನದಾಗಿತ್ತು. ಹುಣಸೆಹಣ್ಣು, ನಿಂಬೆ, ಉಜ್ಜುಕಾಗದ, ಸಾಣೆ ಯಾವುದೂ ಬೇಡ. ಮೆತ್ತನೆಯ ಬಟ್ಟೆಯಲ್ಲಿ ತೆಳ್ಳಗೆ ಯಂತ್ರದ ಎಣ್ಣೆ ಸವರಿ, ಮಳೆಗಾಲದಲ್ಲಿ ತೇವ ಹಿಡಿಯುವ ಒರೆಯಿಂದ ಹೊರಗಿಡಿ. ಅರಿಶಿನ ಕುಂಕುಮ ಒರೆಗೆ ಹಚ್ಚಿದರೂ ಪೂಜೆ ಆಗುತ್ತದೆ.

ಇನ್ನು ಚಿತ್ರ ಕಳುಹಿಸುವವರು ಕತ್ತಿಯನ್ನು ಒರೆಯಿಂದ ತೆಗೆದು, ಹಿಡಿಯ ಸಂದಿಯನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆಯಿರಿ. ತುಕ್ಕಿದ್ದರೆ ಹಾಗೆಯೇ ಇರಲಿ, ಉಜ್ಜಬೇಡಿ.