ನೋಡುತ್ತ ನಿಂತ ಮಕ್ಕಳಿಗೂ ಪಾಠ ಬೇಕು

ಒಬ್ಬ ಹುಡುಗ ಇನ್ನೊಬ್ಬನನ್ನು ದಿನವೂ ಪೀಡಿಸುತ್ತಿದ್ದಾನೆ ಎಂಬ ದೂರು ಬಂದರೆ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಪೀಡಿಸಿದವನನ್ನು ತರಗತಿಯ ಮುಂದೆ ನಿಲ್ಲಿಸಿ ಬೈಯುತ್ತಾರೆ, ಕ್ಷಮೆ ಕೇಳಿಸುತ್ತಾರೆ, ಇಬ್ಬರ ಕೈ ಹಿಡಿಸಿ ರಾಜಿ ಮಾಡಿಸುತ್ತಾರೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ಕ್ರಮದಲ್ಲಿ ನಂಬಿಕೆಯಿಲ್ಲ. ಪೀಡಿಸುವವನಿಗೆ ಬುದ್ಧಿ ಹೇಳುವುದು ಬೇಕೇ ಬೇಕು. ಆದರೆ ಅವನ ಸುತ್ತ ನಿಂತು ನಗುವ ಮಕ್ಕಳಿಗೆ ಏನನ್ನೂ ಕಲಿಸದೆ ಬಿಟ್ಟರೆ ಮರುದಿನ ಅದೇ ಆಟ ಮತ್ತೆ ಶುರುವಾಗುತ್ತದೆ.

ಅಡ್ಡಹೆಸರು ಕೂಗುವವನು ಕೂಗುವುದೇ ಆ ನಗುವಿಗಾಗಿ. ಟೊರಾಂಟೊ ನಗರದ ಶಾಲಾ ಮೈದಾನಗಳಲ್ಲಿ ಮಕ್ಕಳ ವರ್ತನೆಯನ್ನು ಚಿತ್ರೀಕರಿಸಿ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಪೀಡನೆಯ ಹತ್ತು ಘಟನೆಗಳಲ್ಲಿ ಸುಮಾರು ಒಂಬತ್ತರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರು ನಡುವೆ ಬಂದದ್ದು ಐದರಲ್ಲಿ ಒಂದು ಸಲ ಮಾತ್ರ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಪೀಡನೆ ನಿಂತುಹೋಯಿತು. ಹತ್ತು ಸೆಕೆಂಡು! ನಾವು ಮೇಷ್ಟ್ರುಗಳು ಸಿಬ್ಬಂದಿ ಕೊಠಡಿಯಿಂದ ಎದ್ದು ಬರುವುದಕ್ಕೂ ಅಷ್ಟು ಹೊತ್ತು ಸಾಲದು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ಶಾಲೆಗಳಲ್ಲಿ ಪೀಡನೆ ತಡೆಯಲು ರೂಪಿಸಿದ 'ಕಿವಾ' ಕಾರ್ಯಕ್ರಮವೂ ನೋಡುತ್ತ ನಿಂತ ಮಕ್ಕಳನ್ನೇ ಮುಖ್ಯವಾಗಿ ತಿದ್ದಲು ಹೊರಡುತ್ತದೆ.

ನನ್ನ ಪಾಠ ಶುರುವಾಗುವುದು ನಕ್ಷೆಯಿಂದ. ಆರು ಮತ್ತು ಏಳನೆಯ ತರಗತಿಯವರಿಗೆ ಹೇಗೂ ನಕ್ಷೆ ಬಿಡಿಸಲು ಕಲಿಸಬೇಕು. ಶಾಲೆಯದೇ ನಕ್ಷೆ ಬಿಡಿಸಿರಿ, ಒಬ್ಬರೇ ಹೋಗಲು ಹೆದರಿಕೆಯಾಗುವ ಜಾಗಕ್ಕೆ ಕೆಂಪು ಬಣ್ಣ ಹಚ್ಚಿರಿ, ಹೆಸರು ಬರೆಯಬೇಡಿ ಎನ್ನುತ್ತೇನೆ. ಯಾರು ಯಾರನ್ನು ಕಾಡುತ್ತಾರೆ ಎಂದು ನೇರವಾಗಿ ಕೇಳಿದರೆ ಬಾಯಿ ಬಿಡದ ಮಕ್ಕಳು ಬಣ್ಣ ಹಚ್ಚಲು ಹಿಂಜರಿಯುವುದಿಲ್ಲ. ನೀರಿನ ನಲ್ಲಿ, ಶೌಚಾಲಯದ ಹಿಂದಿನ ದಾರಿ, ಬಿಸಿಯೂಟದ ಸಾಲಿನ ಕೊನೆ: ಹಾಳೆಯಿಂದ ಹಾಳೆಗೆ ಅದೇ ಮೂರು ಜಾಗಗಳು ಕೆಂಪಾಗಿದ್ದವು. ಮುಖ್ಯ ಶಿಕ್ಷಕರಿಗೆ ಆ ಹಾಳೆಗಳನ್ನು ತೋರಿಸಿದೆ. ವಿರಾಮದ ಹೊತ್ತಿನಲ್ಲಿ ಜಗಲಿಯ ಮೇಲೆ ನಿಲ್ಲುತ್ತಿದ್ದ ಶಿಕ್ಷಕರು ಈಗ ನಲ್ಲಿಯ ಬಳಿ ನಿಲ್ಲುತ್ತಾರೆ.

ಎರಡನೆಯದು ಅಭ್ಯಾಸ. ಮೂರು ಕೆಲಸಗಳನ್ನು ಕಲಿಸುತ್ತೇನೆ. ನಗಬೇಡ. ಪೀಡನೆಗೆ ಒಳಗಾದವಳ ಹತ್ತಿರ ಹೋಗಿ 'ಬಾ, ಟೀಚರ್ ಕರೆಯುತ್ತಿದ್ದಾರೆ' ಎಂದು ಅಲ್ಲಿಂದ ಕರೆದುಕೊಂಡು ಬಾ. ಆಮೇಲೆ ನಂಬಿಕೆಯ ದೊಡ್ಡವರೊಬ್ಬರಿಗೆ ತಿಳಿಸು. ಗಟ್ಟಿಗನ ಎದುರು ನಿಂತು ಜಗಳವಾಡು ಎಂದು ಯಾವ ಮಗುವಿಗೂ ಹೇಳಬಾರದು, ಪೆಟ್ಟು ತಿನ್ನುವುದು ಆ ಮಗುವೇ. ಮೂರನೆಯ ಕೆಲಸ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಚಾಡಿಕೋರ ಎನಿಸಿಕೊಳ್ಳುವ ಭಯ ಪೆಟ್ಟಿನ ಭಯಕ್ಕಿಂತ ದೊಡ್ಡದು. ಅದಕ್ಕಾಗಿ ಹೇಳಿದವರ ಹೆಸರನ್ನು ನಾನು ಎಲ್ಲಿಯೂ ಎತ್ತುವುದಿಲ್ಲ, ವಿಚಾರಣೆಯನ್ನೂ ಅದೇ ದಿನ ಮಾಡುವುದಿಲ್ಲ. ಮಾರನೆಯ ದಿನ ನಾನೇ ಕಂಡೆ ಎನ್ನುವ ಹಾಗೆ ಅಲ್ಲಿಗೆ ಹೋಗಿ ನಿಲ್ಲುತ್ತೇನೆ.

ಈ ಮೂರನ್ನೂ ಪುಟ್ಟ ನಾಟಕ ಮಾಡಿಸಿ ರೂಢಿ ಮಾಡಿಸುತ್ತೇನೆ. ನಿಜವಾಗಿ ಪೀಡನೆ ಅನುಭವಿಸುತ್ತಿರುವ ಮಗುವಿಗೆ ಆ ಪಾತ್ರ ಕೊಡಲೇಬಾರದು. ತರಗತಿಯಲ್ಲಿ ಬಳಕೆಯಲ್ಲಿರುವ ಅಡ್ಡಹೆಸರನ್ನು ಸಂಭಾಷಣೆಯಲ್ಲಿ ತರಲೂಬಾರದು. ತಂದರೆ ಪಾಠವೇ ಮತ್ತೊಂದು ಪೀಡನೆಯಾಗುತ್ತದೆ.

ರಾಜಿಯ ವಿಷಯಕ್ಕೆ ಬರುತ್ತೇನೆ. ಸಮಬಲದ ಇಬ್ಬರು ಚೆಂಡಿಗಾಗಿ ಕಿತ್ತಾಡಿದರೆ ಎದುರುಬದುರು ಕೂರಿಸಿ ಮಾತಾಡಿಸಬಹುದು. ಪೀಡನೆ ಹಾಗಲ್ಲ. ನಾರ್ವೆಯ ಮನೋವಿಜ್ಞಾನಿ ಡಾನ್ ಓಲ್ವೆಯುಸ್ ಅದಕ್ಕೆ ಮೂರು ಗುರುತು ಹೇಳಿದ್ದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ಮಾಡುವುದು, ಇಬ್ಬರ ಬಲದಲ್ಲಿ ಅಂತರವಿರುವುದು. ಬಲವಿಲ್ಲದವನನ್ನು ಬಲವಿದ್ದವನ ಎದುರು ಕೂರಿಸಿ 'ಏನಾಯಿತು ಹೇಳು' ಎಂದರೆ ಅವನು 'ಏನೂ ಇಲ್ಲ ಸಾರ್' ಎನ್ನುತ್ತಾನೆ, ಗೇಟಿನ ಹೊರಗೆ ಅದಕ್ಕೂ ಬೆಲೆ ತೆರುತ್ತಾನೆ. ಇಬ್ಬರೊಡನೆಯೂ ಬೇರೆ ಬೇರೆಯಾಗಿ ಮಾತಾಡಬೇಕು. ಪೀಡಿಸುವ ಮಗುವಿಗೂ ಅವಮಾನವಾಗಬಾರದು. 'ನಾಳೆಯಿಂದ ನೀನು ಏನನ್ನು ಬಿಡುತ್ತೀಯ, ಏನು ಮಾಡುತ್ತೀಯ' ಎಂದು ಅವನ ಬಾಯಿಂದಲೇ ಹೇಳಿಸಿ, ವಾರದ ನಂತರ ಮರೆಯದೆ ಕೇಳಬೇಕು.

ನಮ್ಮಲ್ಲಿ ಈ ಬಲದ ಅಂತರಕ್ಕೆ ಜಾತಿಯೂ ಸೇರಿಕೊಳ್ಳುತ್ತದೆ. ಊಟಕ್ಕೆ ಕೂತಾಗ ಒಬ್ಬಳ ಪಕ್ಕದ ಜಾಗ ದಿನವೂ ಖಾಲಿ ಉಳಿದರೆ, ಅಪ್ಪನ ಕಸುಬನ್ನು ಹಿಡಿದು ಹಂಗಿಸಿದರೆ ಅದನ್ನು ಮಕ್ಕಳಾಟ ಎನ್ನಲು ನನಗೆ ಮನಸ್ಸಿಲ್ಲ. ಸಂವಿಧಾನದ 17ನೇ ವಿಧಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಓದಿಸುವವನೇ ನಾನು. ಅಸ್ಪೃಶ್ಯತೆಯ ಆಚರಣೆ ಅಪರಾಧ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿಸಿ, ಊಟದ ಸಾಲಿನಲ್ಲಿ ಕಣ್ಣು ಮುಚ್ಚಿಕೊಳ್ಳಲಾದೀತೇ? ಈಗ ಕೂರುವ ಕ್ರಮವನ್ನು ನಾವೇ ವಾರವಾರ ಬದಲಿಸುತ್ತೇವೆ, ಶಿಕ್ಷಕರೂ ಅದೇ ಸಾಲಿನಲ್ಲಿ ಕೂತು ಉಣ್ಣುತ್ತೇವೆ.

ಶಿಕ್ಷಕರ ನಾಲಿಗೆಯ ಬಗ್ಗೆಯೂ ಹೇಳಲೇಬೇಕು. 'ದಡ್ಡ', 'ಡುಮ್ಮಿ' ಎಂಬ ಹೆಸರುಗಳು ಎಷ್ಟೋ ಸಲ ಮೇಜಿನ ಈಚೆಯಿಂದಲೇ ಹೊರಟಿರುತ್ತವೆ. ಗುರುಗಳೇ ಕರೆದ ಮೇಲೆ ಮಕ್ಕಳಿಗೆ ಅಡ್ಡಿಯೇನು? ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

'ನಾವೂ ಇದನ್ನೆಲ್ಲ ಅನುಭವಿಸಿ ಬೆಳೆದಿಲ್ಲವೇ ಸಾರ್' ಎನ್ನುವ ಪೋಷಕರಿಗೆ ನಾನು ಬ್ರಿಟನ್ನಿನ ಒಂದು ಅಧ್ಯಯನದ ಕಥೆ ಹೇಳುತ್ತೇನೆ. ಅಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸುತ್ತ ಬಂದರು. ಏಳು ಮತ್ತು ಹನ್ನೊಂದನೆಯ ವಯಸ್ಸಿನಲ್ಲಿ ಪದೇ ಪದೇ ಪೀಡನೆಗೆ ಒಳಗಾದವರಲ್ಲಿ ಖಿನ್ನತೆ ನಲವತ್ತೈದನೆಯ ವಯಸ್ಸಿನಲ್ಲಿಯೂ ಉಳಿದವರಿಗಿಂತ ಹೆಚ್ಚಾಗಿ ಕಂಡಿತು. ಬೆಳಿಗ್ಗೆ ಶಾಲೆಯ ಹೊತ್ತಿಗೆ ಸರಿಯಾಗಿ ಬರುವ ಹೊಟ್ಟೆನೋವು, ಇದ್ದಕ್ಕಿದ್ದಂತೆ ಬೇಡವಾಗುವ ಬಿಸಿಯೂಟ, ಹರಿದ ಪುಸ್ತಕ ಇವುಗಳ ಬಗ್ಗೆಯೂ ಎಚ್ಚರಿಸುತ್ತೇನೆ. ಮಗುವಿನ ಫೋಟೊ ಕದ್ದು ವಾಟ್ಸ್ಆ್ಯಪ್ ಸ್ಟಿಕರ್ ಮಾಡಿ ಹಂಚುವುದು ಈಚಿನ ಕಾಟ. ಬೇರೆಯವರಿಗೆ ಕಳಿಸಬೇಡ, ತಂದು ತೋರಿಸು ಎನ್ನುತ್ತೇನೆ. ಮಕ್ಕಳ ಸಹಾಯವಾಣಿ 1098 ನಮ್ಮ ಪ್ರತಿ ಕೊಠಡಿಯ ಗೋಡೆಯ ಮೇಲಿದೆ.

ಈ ಸಲದ ನಕ್ಷೆಗಳಲ್ಲಿ ನಲ್ಲಿಯ ಸುತ್ತ ಕೆಂಪು ಕಡಿಮೆಯಾಗಿದೆ. ಹೊಸದಾಗಿ ಬಸ್ ನಿಲ್ದಾಣ ಕೆಂಪಾಗಿದೆ. ಅದು ಶಾಲೆಯ ಆವರಣದ ಹೊರಗಿದೆ, ನಮ್ಮ ಜವಾಬ್ದಾರಿಯಲ್ಲ ಎಂದು ಯಾರಾದರೂ ಹೇಳಬಹುದು. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಆ ಹಾಳೆಗಳನ್ನು ಮುಂದಿಟ್ಟು, ಸಂಜೆಯ ಬಸ್ಸು ಬರುವವರೆಗೆ ದಿನಕ್ಕೊಬ್ಬ ಪೋಷಕರು ಅಲ್ಲಿ ಇರುವಂತೆ ಕೇಳಲಿದ್ದೇನೆ.