ಟೂಬಾದವನ ಸಾ-ಪಾ

ಹುಬ್ಬಳ್ಳಿಯ ಮದುವೆ ಬ್ಯಾಂಡಿನಲ್ಲಿ ದೊಡ್ಡ ಬಾಯಿಯ ಹಿತ್ತಾಳೆ ವಾದ್ಯ, ಅಂದರೆ ಟೂಬಾ, ಹೊತ್ತವನು ಸಾಂಪ್ರದಾಯಿಕ ಜಾಝ್‌ಗೆ ಕೈಹಾಕುವುದಾದರೆ, ಮೊದಲು ತಂಬೂರಿಯ ಪಕ್ಕ ಕೂಡಲಿ. ಧಾರವಾಡದಲ್ಲಿ ತಂಬೂರಿಗೇನು ಬರವೇ? ಅದೇ ಸಾ-ಪಾವನ್ನು ಟೂಬಾ ಲಯಕ್ಕೆ ಕಟ್ಟುತ್ತದೆ. ನಾಲ್ಕು ಮಾತ್ರೆಯಲ್ಲಿ ಒಂದಕ್ಕೆ ಸಾ, ಮೂರಕ್ಕೆ ಪಾ. ಎರಡು, ನಾಲ್ಕು ಬ್ಯಾಂಜೋದವನ ಪಾಲು. ಉಸಿರು ಎಳೆಯುವುದೂ ಅಲ್ಲೇ. ಸ್ವರ ‘ಡುಂ’ ಎಂದು ಮುಗಿಯಬೇಕು, ‘ಡೂಂಂ’ ಎಂದು ಎಳೆದರೆ ಇಡೀ ತಂಡ ಕೆಸರಲ್ಲಿ ನಡೆದಂತೆ. ಮಂದ್ರ ಸ್ವರ ಬಾಯಿಬಿಡುವುದೇ ನಿಧಾನ, ಹಾಗಾಗಿ ನಾಲಿಗೆ ಕೂದಲೆಳೆಯಷ್ಟು ಮುಂಚೆ ತಾಕಬೇಕು.

ಕೇಳಲು 1927ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಧ್ವನಿಮುದ್ರಣವಾದ ಲೂಯಿ ಆರ್ಮ್‌ಸ್ಟ್ರಾಂಗ್‌ನ ಹಾಟ್ ಸೆವೆನ್ ತಂಡ ಸಾಕು. ಅಲ್ಲಿ ಟೂಬಾ ಪೀಟ್ ಬ್ರಿಗ್ಸ್‌ನದು. 1930ರ ದಶಕದಲ್ಲಿ ತಂತಿಯ ಡಬಲ್ ಬಾಸ್ ಆ ಜಾಗ ಹಿಡಿಯಿತು. ಟೂಬಾದವರಲ್ಲಿ ಅನೇಕರು ಅದನ್ನೂ ಕಲಿತು ಹೊಟ್ಟೆ ಹೊರೆದರು. ಈಗಲೂ ಎರಡೂ ಬರುವವನಿಗೇ ಕೆಲಸ ಜಾಸ್ತಿ.

ರಚನೆಗೆ ಕೂತರೆ ಬ್ಲೂಸ್‌ನ ಹನ್ನೆರಡು ಆವರ್ತನದಿಂದ ಶುರು: ಸಾ ಮೇಲೆ 4, ಮಾ 2, ಸಾ 2, ಪಾ 1, ಮಾ 1, ಸಾ 2. ತೊಡಕು ಇರುವುದು ಪಾ ಬಂದಾಗ. ಆಗ ಮೂರನೇ ಮಾತ್ರೆಗೆ ಅದರ ಪಂಚಮ ಬೇಕು, ಅಂದರೆ ರಿ. ವಾಲ್ವ್ ಎಂದರೆ ಒತ್ತಿದಾಗ ನಳಿಗೆಗೆ ಇನ್ನಷ್ಟು ಕೊಳವೆ ಸೇರಿಸುವ ಗುಂಡಿ. ಮೂರು ವಾಲ್ವಿನ ಬಿ ಫ್ಲ್ಯಾಟ್ (ಪಾಶ್ಚಾತ್ಯ ಸ್ವರದ ಹೆಸರು) ಟೂಬಾದಲ್ಲಿ ಬಿ ಫ್ಲ್ಯಾಟನ್ನೇ ಸಾ ಮಾಡಿಕೊಂಡರೆ ಸಾ, ಪಾ ಎರಡಕ್ಕೂ ವಾಲ್ವ್ ಒತ್ತಬೇಕಿಲ್ಲ, ಆದರೆ ಮಂದ್ರದ ರಿಗೆ 1, 3 ಕೂಡಿ ಒತ್ತಬೇಕು. ಆಗ ಸ್ವರ ಏರುತ್ತದೆ. ಪ್ರತಿ ವಾಲ್ವಿನ ಕೊಳವೆಯನ್ನು ಬರೀ ಮೂಲ ನಳಿಗೆಗೆ, ಅಂದರೆ ಸುಮಾರು ಐದೂವರೆ ಮೀಟರಿಗೆ, ಲೆಕ್ಕ ಹಾಕಿರುತ್ತಾರೆ. ಎರಡು ಕೂಡಿದಾಗ ಸುಮಾರು 13 ಸೆಂಟಿಮೀಟರ್ ಕೊರತೆ ಬೀಳುತ್ತದೆ. ಎಳೆದು ಉದ್ದ ಮಾಡುವ ಯು ಆಕಾರದ ಕೊಳವೆಯಾದ ಸ್ಲೈಡ್‌ಗೆ ತೋಳು ಎರಡು, ಆದ್ದರಿಂದ ಒಂದನೇ ವಾಲ್ವಿನ ಸ್ಲೈಡನ್ನು ಆರೂವರೆ ಸೆಂಟಿಮೀಟರಿನಷ್ಟು ಹೊರಗೆಳೆದರೆ ಲೆಕ್ಕ ಸರಿ. ನಾಲ್ಕನೇ ವಾಲ್ವ್ ಇದ್ದವನಿಗೆ ಈ ತಾಪತ್ರಯವಿಲ್ಲ. ಇಲ್ಲದವನಿಗಾಗಿ ಬರೆಯುವಾಗ ಆ ರಿಯನ್ನು ಬಿಟ್ಟು ಪಾವನ್ನೇ ಎರಡು ಸಲ ಬರೆದರೂ ಕಿವಿ ದೂರುವುದಿಲ್ಲ.

ಬಿಸಿಲಲ್ಲಿ ವಾದ್ಯ ಕಾದಷ್ಟೂ ಸ್ವರ ಏರುತ್ತದೆ. ಶ್ರುತಿಯನ್ನು ನೆರಳಲ್ಲಿ ಕೂಡಿಸಿ ಬೀದಿಗಿಳಿದರೆ ಕ್ಲಾರಿನೆಟ್‌ನವನ ಜೊತೆ ಜಗಳ ಖಾತ್ರಿ. ಹತ್ತು ನಿಮಿಷ ಊದಿದ ಮೇಲೆ, ನುಡಿಸುವ ಜಾಗದಲ್ಲೇ ನಿಂತು ಕೂಡಿಸಿ.

ವಾಲ್ವಿಗೆ ಕೊಬ್ಬರಿ ಎಣ್ಣೆ ಮಾತ್ರ ಬೇಡ. ಧಾರವಾಡದ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಧೂಳು ಕೂಡಿ ಅರೆದ ಮಸಾಲೆಯಾಗುತ್ತದೆ. ತೆಳು ವಾಲ್ವ್ ಆಯಿಲ್ ಮೂರ್ನಾಲ್ಕು ಹನಿ ಸಾಕು. ತೊಳೆಯುವುದು ಉಗುರುಬೆಚ್ಚಗಿನ ನೀರಲ್ಲಿ. ಕುದಿನೀರಿಗೆ ಲ್ಯಾಕರ್, ಅಂದರೆ ಹೊಳಪಿನ ಲೇಪ, ಎದ್ದು ಬರುತ್ತದೆ.