ಬೀಜಕ್ಕೆ ಬಿಟ್ಟ ಬೆಂಡೆ

ಕಳೆದ ವಾರ ಊರಿಗೆ ಹೋದಾಗ ಹಿತ್ತಲಲ್ಲಿ ಹಾಲುಬೆಂಡೆ ಕೊಯ್ತಿದ್ದೆ, ಒಳ್ಳೆ ಉದ್ದ, ಏಳೆಂಟು ಏಣಿನ ಬಿಳಿಹಸಿರು ಕಾಯಿ ಒಂದಕ್ಕೆ ಕೈ ಹಾಕಿದ್ದೇ ತಡ ಅಡುಗೆಮನೆ ಕಿಟಕಿಯಿಂದ ಅಮ್ಮನ ಕೂಗು, "ಅದು ಬೇಡ ಮಾರಾಯ, ಬೀಜಕ್ಕೆ ಬಿಟ್ಟದ್ದು!" ನೋಡಿದ್ರೆ ತೊಟ್ಟಿಗೆ ಕೆಂಪು ಬಟ್ಟೆ ಚೂರು ಕಟ್ಟಿತ್ತು.

ತಿಂದು ಉಳಿದು ಬಲಿತದ್ದೇ ಬೀಜ ಅಂತ ಬಹಳ ವರ್ಷ ಅಂದ್ಕೊಂಡಿದ್ದೆ. ಅಮ್ಮಂದು ಉಲ್ಟಾ ಲೆಕ್ಕ. ಬೇಗ ಹೂ ಬಿಟ್ಟು, ರೋಗ ಬಾರದೆ, ಆಟಿ ತಿಂಗಳ ಜೋರು ಮಳೆಗೂ ಜಗ್ಗದೆ ನಿಂತ ಗಿಡ ಯಾವ್ದು ನೋಡಿ ಅದರ ಚಂದದ ಕಾಯನ್ನೇ ಬಿಡೋದು, ಕೊನೇ ಕಾಯಿಂದ ಬೀಜ ತೆಗೆದ್ರೆ ವರ್ಷವರ್ಷ ತಡವಾಗಿ ಕಾಯಿ ಬಿಡೋ ಗಿಡಾನೇ ಆರಿಸಿದ ಹಾಗೆ ಆಗುತ್ತಲ್ವಾ.

ನಮ್ಮ ಉಡುಪಿ ಕಡೆ ಮೊದಲ ಮಳೆಗೆ ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಮಣ್ಣು ಏರಿಸಿ ಸಾಲು ಮಾಡಿ ಬೆಂಡೆ ಹೀರೆ ಹರಿವೆ ಹಾಕ್ತಾರೆ, ನೀರು ನಿಂತ್ರೆ ಬುಡ ಕೊಳೆತು ಹೋಗುತ್ತೆ. ಮೂರು ವರ್ಷದ ಹಿಂದೆ ನಾನು ಪ್ಯಾಕೆಟ್ ಬೆಂಡೆ ಬೀಜ ತಂದು ಅದೇ ಸಾಲಲ್ಲಿ ಹಾಕ್ದೆ. ಬೆಂಡೆ ಹೂವು ತನ್ನಷ್ಟಕ್ಕೇ ಕಾಯಿ ಕಟ್ಟುತ್ತೆ ನಿಜ, ಆದ್ರೆ ಜೇನು ಬಂದ್ರೆ ಪರಾಗ ಬೆರೆಯುತ್ತೆ. ಮರುವರ್ಷ ಅರ್ಧಕ್ಕರ್ಧ ಗಿಡದಲ್ಲಿ ಕಡುಹಸಿರು, ಐದೇ ಏಣಿನ ಕಾಯಿ. ಅಮ್ಮ ಏನೂ ಹೇಳ್ಲಿಲ್ಲ, ಅದೇ ಹೆಚ್ಚು ನೋವಾಯ್ತು. ಪುಣ್ಯಕ್ಕೆ ಅಮ್ಮ ಹಿಂದೆ ಯಾವಾಗ್ಲೋ ದೊಡ್ಡಮ್ಮನ ಮನೆಗೆ ಕೊಟ್ಟಿದ್ದ ಬೀಜ ಅಲ್ಲಿ ಉಳಿದಿತ್ತು, ಅಲ್ಲಿಂದ ಒಂದು ಹಿಡಿ ವಾಪಸ್ ಬಂತು.

ಈಗ ನಾಳೆ ಅರಳೋ ಮೊಗ್ಗಿಗೆ ಇವತ್ತು ಸಂಜೇನೇ ತೆಳು ಬಟ್ಟೆ ಚೀಲ ಕಟ್ತೀವಿ. ಹೀರೆಗೆ ಇನ್ನೂ ಕೆಲಸ ಇದೆ, ಅದು ಅರಳೋದೇ ಸಂಜೆ, ಗಂಡು ಹೂ ಹೆಣ್ಣು ಹೂ ಬೇರೆ ಬೇರೆ, ನಾವೇ ಗಂಡು ಹೂ ಕಿತ್ತು ಮುಟ್ಟಿಸಿ ಕಟ್ಟಬೇಕು.

ಮಳೆಗೆ ಬೆಂಡೆ ಗಿಡದಲ್ಲೇ ಬೂಸ್ಟು ಹಿಡಿಯುತ್ತೆ ಅಂತ ಕಾಯಿ ಕಂದು ತಿರುಗಿದ ಕೂಡ್ಲೇ ಕೊಯ್ದು ಒಲೆ ಮೇಲೆ ಹೊಗೆಗೆ ತೂಗುಹಾಕೋದು. ಸೌತೆಕಾಯಿ ಬಾಳೆನಾರಲ್ಲಿ ಕಟ್ಟಿ ಮಾಡಿಗೆ, ಅಂದ್ರೆ ಸೂರಿಗೆ, ನೇತುಹಾಕ್ತೀವಲ್ಲ, ಅದರ ಪಕ್ಕದಲ್ಲೇ.

ಹೊರಡುವಾಗ ಅಮ್ಮ ಬೂದಿ ಬೆರೆಸಿದ ಇಪ್ಪತ್ತು ಹಳೇ ತಳಿಯ ಬೀಜ ಪೊಟ್ಟಣ ಕಟ್ಟಿ ಕೊಟ್ರು. ಬೆಂಗಳೂರಲ್ಲಿ ಪಕ್ಕದ ಟೆರೇಸಲ್ಲೂ ಬೆಂಡೆ ಇದೆ, ಬೀಜ ಹಾಕೋಕೆ ಮುಂಚೆ ಚೀಲ ಹೊಲೀಬೇಕು.